ಮಾವ ಇಡಬೇಕಾದ ಕತ್ತರಿ

ನನ್ನ ಮೊದಲ ಮಗನಿಗೆ ಐದನೇ ವರ್ಷ ನಡೆಯುತ್ತಿದ್ದರೂ ತಲೆಗೆ ಕತ್ತರಿ ಬಿದ್ದಿರಲಿಲ್ಲ. ಊರಿಗೆ ಹೊಸದಾಗಿ ಬಂದವರು ಅವನನ್ನು ಹೆಣ್ಣುಮಗು ಎಂದೇ ತಿಳಿಯುತ್ತಿದ್ದರು. ಸೊಂಟದವರೆಗೆ ಇಳಿದ ಜಡೆ, ಹಬ್ಬದ ದಿನ ಅದಕ್ಕೊಂದು ಕನಕಾಂಬರದ ದಂಡೆ, ಕೆಳಗೆ ನೋಡಿದರೆ ಬರೀ ಉಡಿದಾರ. "ಇದೇನಮ್ಮ, ಮೇಲೊಂದು ಕೆಳಗೊಂದು?" ಎಂದು ಬಳೆಗಾರನೊಬ್ಬ ಕೇಳಿ ನನ್ನಿಂದ ಚೆನ್ನಾಗಿ ಬೈಸಿಕೊಂಡಿದ್ದ. ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಕೂದಲ ಮಾತೆತ್ತಿದರೆ ನನಗೆ ಸಿಟ್ಟು ಬರುತ್ತಿತ್ತು.

ಚಂದಕ್ಕೆಂದು ಬೆಳೆಸಿದ ಕೂದಲಲ್ಲ ಅದು. ನಮ್ಮಲ್ಲಿ ಮಗುವಿನ ಹುಟ್ಟುಗೂದಲನ್ನು ಮನೆದೇವರಿಗೆ ಕೊಡಬೇಕು. ಅದಕ್ಕೂ ಮೊದಲು ಸೋದರಮಾವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಎಳೆ ಕತ್ತರಿಸಬೇಕು. ಮಾವನ ಕತ್ತರಿ ಬಿದ್ದ ಮೇಲೆಯೇ ಕ್ಷೌರದವನು ಕೈಯಿಡುವುದು. ಒಂದನೇ ವರ್ಷದಲ್ಲಿ ಆಗಬೇಕು, ತಪ್ಪಿದರೆ ಮೂರರಲ್ಲಿ, ಅದೂ ತಪ್ಪಿದರೆ ಐದರಲ್ಲಿ. ಎರಡು, ನಾಲ್ಕು, ಆರು ಕೂಡದು. ನಮ್ಮ ದೇವರು ಇರುವುದು ಸಿದ್ದರಬೆಟ್ಟದಲ್ಲಿ. ನನ್ನ ತಮ್ಮನ ಮನೆ, ಎಂದರೆ ನನ್ನ ತವರು, ಅಲ್ಲಿಗೆ ಹತ್ತಿರದ ಹೊಳವನಹಳ್ಳಿ ಕಡೆ. ನನ್ನನ್ನು ಕೊಟ್ಟಿದ್ದು ಇತ್ತ ಸಿರಾ ಸೀಮೆಗೆ, ಮದಲೂರು ಕೆರೆಯ ಪಕ್ಕಕ್ಕೆ. ಬೆಟ್ಟದಲ್ಲಿ ದೇವರು ಕಾಯುತ್ತಿದ್ದ, ಮನೆಯಲ್ಲಿ ಮಗು ಕಾಯುತ್ತಿತ್ತು. ಬಾರದೆ ಕುಳಿತವನು ನನ್ನ ತಮ್ಮ.

ಅವನು ಬಾರದಿದ್ದುದಕ್ಕೆ ಕಾರಣ ಒಂದು ವೀಳ್ಯ. ತಮ್ಮನ ಮದುವೆಯಲ್ಲಿ ಹಿರಿಯ ಅಳಿಯನಾದ ನನ್ನ ಗಂಡನಿಗೆ ಮೊದಲ ವೀಳ್ಯ ಸಲ್ಲಬೇಕಿತ್ತು. ತಟ್ಟೆ ಹಿಡಿದಿದ್ದ ನಮ್ಮ ದೊಡ್ಡಪ್ಪನಿಗೆ ಕಣ್ಣು ಮಂಜು, ಪಕ್ಕದಲ್ಲಿದ್ದ ಇನ್ನೊಬ್ಬ ಅಳಿಯನಿಗೆ ಕೊಟ್ಟುಬಿಟ್ಟರು. ನನ್ನ ಗಂಡ ಊಟಕ್ಕೂ ಕೂರದೆ ಗಾಡಿ ಕಟ್ಟಿಸಿದರು. ನಾನು ಆಗ ಐದು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೋಗುತ್ತಾರೆ, ನನ್ನದು ಶ್ರಾವಣದಲ್ಲಿ ಅತ್ತೆಯ ಮನೆಯಲ್ಲೇ ಆಯಿತು. "ಅವ್ನು ಬಂದು ತಪ್ಪಾಯ್ತು ಅನ್ಲಿ" ಎಂದು ಇವರು. "ತಟ್ಟೆ ಹಿಡ್ದೋರು ದೊಡ್ಡೋರು, ನಾನ್ಯಾಕೆ ತಪ್ಪೊಪ್ಕಳ್ಳಿ, ಭಾವ ಕರೆದ್ರೆ ಬತ್ತೀನಿ" ಎಂದು ಅವನು. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ನಮ್ಮಲ್ಲಿ ಭಾವ ಭಾವಮೈದುನರ ಜಗಳದಲ್ಲಿ ಕೂಸಿನ ಕೂದಲು ಬೆಳೆಯಿತು. ಒಂದು ಕಳೆಯಿತು, ಮೂರು ಕಳೆಯಿತು. ಅಪ್ಪ ತೀರಿಕೊಂಡು ತಮ್ಮನ ಜೊತೆಗಿದ್ದ ನಮ್ಮವ್ವ ಮಂಡಿನೋವಿನಿಂದ ಮನೆ ಬಿಟ್ಟು ಹೊರಡುವಂತಿರಲಿಲ್ಲ. ನನ್ನ ಮಗನ ಮುಖವನ್ನೇ ಅವಳು ಕಂಡಿರಲಿಲ್ಲ.

ತಮ್ಮ ಬಂದೇ ತೀರಬೇಕಾದ ಕೆಲಸ ಎಂದು ಉಳಿದದ್ದು ಆ ಕತ್ತರಿ ಒಂದೇ. ಬರುವ ಶ್ರಾವಣಕ್ಕೆ ಐದು ಮುಗಿದು ಆರು ಹತ್ತಿದರೆ ಅದೂ ಇಲ್ಲ. ನನ್ನ ತವರಿನ ದಾರಿ ಮಗುವಿನ ಜಡೆಯಲ್ಲಿತ್ತು. ಅದನ್ನು ನಾನು ಯಾರೆದುರಿಗೂ ಹೇಳಿದವಳಲ್ಲ, ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಶನಿವಾರ ಅವನಿಗೆ ಎಣ್ಣೆ ನೀರು. ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಿಕ್ಕಿ, ಬಿಸಿಲಿನಲ್ಲಿ ಕೂರಿಸಿಕೊಂಡು ಸಿಕ್ಕು ಬಿಡಿಸಲು ಅರ್ಧ ದಿನ ಬೇಕು. ಸಿಕ್ಕಿಗೆ ಬಾಚಣಿಗೆ ತಗುಲಿದರೆ ಊರಿಗೇ ಕೇಳುವಂತೆ ಅರಚುತ್ತಿದ್ದ. ಬಾಯಿ ಮುಚ್ಚಿಸಲು ನಾನು ಅವನ ಮಾವನ ಕಥೆ ಹೇಳುತ್ತಿದ್ದೆ. ಮಾವ ಹುಣಿಸೆಮರದ ತುದಿಗೆ ಹತ್ತಿದ್ದು, ಅಕ್ಕನ ಕಾಲಿಗೆ ಮುಳ್ಳು ಚುಚ್ಚಿದಾಗ ಹೊಲದಿಂದ ಮನೆಯವರೆಗೆ ಹೊತ್ತು ತಂದಿದ್ದು. ನಿಜ ಮುಗಿದ ಮೇಲೆ ಸುಳ್ಳು ಸೇರಿಸಿದೆ. ಒಂದು ಕಥೆಯಲ್ಲಂತೂ ಮಾವ ಚಿರತೆಗೆ ಬೈದು ಓಡಿಸಿದ. ಎಲ್ಲಕ್ಕೂ ಕೊನೆ ಒಂದೇ.

"ಮಾವ ಯಾವಾಗವ್ವ ಬರಾದು?"

"ಬತ್ತಾನೆ ಕಣಪ್ಪ. ಕತ್ತರಿ ಹಿಡ್ಕಂಡು ಬತ್ತಾನೆ. ತೊಡೆ ಮೇಲೆ ಕೂರಿಸ್ಕಂಡು ಮೊದಲ್ನೇ ಕತ್ತರಿ ಅವನೇ ಇಡೋದು."

"ದೊಡ್ ಕತ್ತರೀನಾ?"

"ಹೂಂ, ದೊಡ್ಡದು."

ಇನ್ನೂ ಒಂದು ಕೇಳುತ್ತಿದ್ದ: ಮಾವ ನೋಡಲು ಹೆಂಗಿದಾನೆ ಎಂದು. ಇದಕ್ಕೆ ನಾನು ಸರಿಯಾಗಿ ಉತ್ತರ ಕೊಟ್ಟಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. "ಬಂದಾಗ ನೋಡೀಯಂತೆ ಬುಡು" ಎಂದು ಜಡೆ ಬಿಗಿಯಾಗಿ ಹೆಣೆದುಬಿಡುತ್ತಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕುರಿಯ ಉಣ್ಣೆ ಕತ್ತರಿಸುವ ಕೆಲಸ ಬಂತು. ಹೊರದೇಶದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ. ದಂಡಿಗೆ ಕಂಬಳಿ ಬೇಕಂತೆ ಎಂದು ಉಣ್ಣೆಗೆ ಎಲ್ಲಿಲ್ಲದ ಕರೆ. ನಮ್ಮದೂ ಒಂದು ಸಣ್ಣ ಹಿಂಡಿತ್ತು. ಹಿಂದಿನ ದಿನ ಕೆರೆಯಲ್ಲಿ ಕುರಿಗಳ ಮೈ ತೊಳೆಸಿ ಒಣಗಲು ಬಿಟ್ಟಿದ್ದೆವು. ಕತ್ತರಿಸಲು ಬಂದವನು ಪಾವಗಡದ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡದ ನಡುವಯಸ್ಸಿನ ಮನುಷ್ಯ. ಸಿರಾ ಮುಗಿಸಿಕೊಂಡು ಮಧುಗಿರಿ, ಅಲ್ಲಿಂದ ಕೊರಟಗೆರೆ ಎಂದು ಊರೂರು ತಿರುಗುವವನು. ನಮ್ಮಲ್ಲಿಗೆ ಬಂದದ್ದು ಅದೇ ಮೊದಲು. ಅವನ ಕತ್ತರಿ ಮೊಳದುದ್ದ ಇತ್ತು.

ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ. ಹಿತ್ತಲಿನಲ್ಲಿ ಆದದ್ದನ್ನು ಆಮೇಲೆ ಅವನೇ ಹೇಳಿದ. ಒಂದು ಕುರಿ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳಲು ಕುಳಿತಿದ್ದನಂತೆ. ಚಳಿಗೆಂದು ತೊಡಿಸಿದ್ದ ಉದ್ದನೆಯ ಅಂಗಿಯಲ್ಲಿ ಜಡೆಯ ಮಗುವೊಂದು ಬಂದು ಎದುರಿಗೆ ನಿಂತಿತು.

"ಮಾವ, ಯಾಕಿಷ್ಟು ತಡ?"

ನಮ್ಮ ಹಳ್ಳಿಗಳಲ್ಲಿ ಮಕ್ಕಳು ಕಂಡವರನ್ನೆಲ್ಲ ಮಾವ ಅನ್ನುತ್ತವೆ. "ಏನ್ ಮಾಡಾನಮ್ಮ, ದಾರಿ ದೂರ" ಎಂದನಂತೆ. ಮಗು ನೇರ ಅವನ ತೊಡೆಯ ಮೇಲೆ ಹೋಗಿ ಬೆನ್ನು ತಿರುಗಿಸಿ ಕುಳಿತು ಜಡೆಯನ್ನು ಕೈಗೆ ಕೊಟ್ಟಿತು. "ಇಡು ಮಾವ." ಕುರಿ ನೋಡಿ ಮಗುವಿಗೂ ಆಟ ಎಂದುಕೊಂಡ ಅವನು ನಗುತ್ತ ತುದಿಯಿಂದ ಎರಡು ಬೆರಳಷ್ಟು ಕತ್ತರಿಸಿ ಕೊಟ್ಟ.

"ಅವ್ವಾ! ಮಾವ ಬಂದವ್ನೆ! ಕತ್ತರಿ ಇಟ್ಟ!" ಎಂದು ನನ್ನ ಮಗ ಮುಷ್ಟಿ ಹಿಡಿದು ಓಡಿಬಂದ.

ಕೈಯಲ್ಲಿದ್ದ ಮುದ್ದೆಕೋಲು ಎಲ್ಲಿ ಬಿತ್ತೋ ಗೊತ್ತಿಲ್ಲ. ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ಅತ್ತೆಯನ್ನು ದಾಟಿಕೊಂಡು ಹಿತ್ತಲಿಗೆ ಓಡಿದೆ. ಐದು ವರ್ಷದಲ್ಲಿ ನಾನು ಅಷ್ಟು ಸಂತೋಷಪಟ್ಟಿದ್ದಿಲ್ಲ. ಅಲ್ಲಿ ಕಂಡಿದ್ದು ಒಂದು ಗುಡ್ಡೆ ಕರಿ ಉಣ್ಣೆ, ನಡುವೆ ಯಾರೋ ಕಾಣದ ಮನುಷ್ಯ.

ತಿರುಗಿ ಮಗುವಿನ ಕೆನ್ನೆಗೆ ಬಾರಿಸಿದೆ. ಅದರ ತಪ್ಪೇನು? ಕತ್ತರಿ ಹಿಡಿದು ಬರುವವನೇ ಮಾವ ಎಂದು ವಾರವಾರ ಹೇಳಿಕೊಟ್ಟವಳು ನಾನೇ. ಈಗ ನೆನೆದರೂ ನಾಚಿಕೆಯಾಗುತ್ತದೆ. ಹೊಡೆದವಳೂ ನಾನೇ, ಆಮೇಲೆ ಅಲ್ಲೇ ಕುಳಿತು ಮಗುವಿಗಿಂತ ಗಟ್ಟಿಯಾಗಿ ಅತ್ತವಳೂ ನಾನೇ.

"ಅಯ್ಯೋ ದೇವುಡಾ, ಹುಟ್ಟುಗೂದ್ಲಾ ಇದು?" ಎಂದು ಕತ್ತರಿಯವನು ಎದ್ದು ನಿಂತ. "ನನಗೇನ್ ತಿಳೀತದೆ ತಾಯಿ, ಹೆಣ್ಮಗು ಅನ್ಕಂಡೆ."

ಅತ್ತೆ ಜಾಣೆ. ಎಲ್ಲದಕ್ಕೂ ಅವರಲ್ಲಿ ಒಂದು ತೀರ್ಪು ಇರುತ್ತಿತ್ತು. "ಅಳ್ತಾ ಕುಂತ್ರೆ ಕೂದ್ಲು ಅಂಟ್ಕಂತದಾ? ಮಗು ತಾನಾಗೇ ಮಾವ ಅಂತ ತೊಡೆ ಮೇಲೆ ಕುಂತದೆ. ಇಟ್ಟೋನೇ ಮಾವ, ಬುಡು."

"ಅಂಗಾದ್ರೆ ನನ್ನ ತಮ್ಮ ಏನಾಗ್ಬೇಕು ಅತ್ತೆ?" ಎಂದೆ. ಅವರು ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಹೊಲದಿಂದ ಬಂದ ನನ್ನ ಗಂಡ ಎಲ್ಲ ಕೇಳಿ, "ಸರಿ, ಇನ್ಯಾರ ದಾರೀನೂ ಕಾಯೋ ಹಂಗಿಲ್ಲ" ಎಂದರು. ಆ ಮಾತಿನಲ್ಲಿ ಒಂದು ಚೂರು ಗೆಲುವು ಇತ್ತು. ಎರಡು ದಿನ ನಾನು ಅವರಿಗೆ ಮುದ್ದೆ ಬಡಿಸಿದೆ, ತಟ್ಟೆ ಸದ್ದಾಗುವಂತೆ.

ಕತ್ತರಿಯವನು ಅಂದು ನಮ್ಮಲ್ಲಿ ಊಟ ಮಾಡಲಿಲ್ಲ. ಉಳಿದ ಕುರಿಗಳನ್ನು ಮುಗಿಸಿ, ಕೈ ತೊಳೆದು ಬಾಗಿಲ ಹತ್ತಿರ ನಿಂತ. "ತಮ್ಮನ ಊರು ಯಾವುದು ತಾಯಿ? ಮನೆ ಗುರ್ತು ಹೇಳಿ. ಅವರ ಹಕ್ಕು ನನ್ನ ಕೈಯಾಗೈತೆ. ಹೆಂಗೂ ಆ ಕಡೆ ಹೋಗೋನು. ನಾನೇ ಹೋಗಿ ಒಪ್ಪಿಸಿ ತಪ್ಪಾಯ್ತು ಅಂತೀನಿ." ಐದು ವರ್ಷ ಇಬ್ಬರು ಗಂಡಸರ ಬಾಯಿಂದ ಹೊರಡದ ಮಾತನ್ನು, ನೆಂಟನೂ ಅಲ್ಲದ ಆ ಮನುಷ್ಯ ಅಷ್ಟು ಸಲೀಸಾಗಿ ಹೇಳಿದ. ಮಗುವಿನ ಕೈಯಲ್ಲಿದ್ದ ಕೂದಲ ಎಳೆಯನ್ನು ನನ್ನಿಂದ ಇಸಿದುಕೊಂಡು, ರುಮಾಲಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೊರಟ.

ಶಿವರಾತ್ರಿಗೆ ಇನ್ನೂ ವಾರವಿರುವಾಗ, ಬೆಳಗಿನ ಹೊತ್ತು, ಬೇಲಿಯಾಚೆ ಒಂದು ಕೂಗು ಕೇಳಿತು.

"ಅಕ್ಕಾ! ನಾನು ಸತ್ತೋಗಿದ್ನಾ? ಇನ್ಯಾರ ಕೈಲೋ ಕತ್ತರಿ ಇಡಿಸ್ದಾ?"

ತಮ್ಮ. ಆಗ ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನ ಮಸಿಯೆಲ್ಲ ಮುಖದ ಮೇಲಿತ್ತು. ಮೀಸೆ ದಪ್ಪವಾಗಿತ್ತು. ಅಪ್ಪಿಕೊಳ್ಳುವಷ್ಟು ಪ್ರೀತಿ ಬಂತು, ಆದರೆ ಬಾಯಿಗೆ ಬಂದದ್ದು ಬೇರೆ.

"ಐದು ವರ್ಷ ಬಾಚಿ ಬಾಚಿ ಕಾದೆ ಕಣ್ಲಾ! ಬರಕ್ಕೆ ಕಾಲಿರ್ಲಿಲ್ವಾ ನಿಂಗೆ? ಹಕ್ಕು ಹೋಯ್ತು ಅಂದಾಗ ಕಾಲು ಬಂತಾ?"

ಅವನು ಬೇಲಿ ದಾಟಲಿಲ್ಲ. ನನ್ನ ಗಂಡ ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದರು, ತಲೆ ಎತ್ತಲಿಲ್ಲ. ಆಗ ನನ್ನ ಮಗ ಹೊರಗೆ ಬಂದು ನನ್ನ ಸೀರೆ ಹಿಡಿದುಕೊಂಡ.

"ಯಾರವ್ವ ಇವ್ರು?"

"ನಿನ್ನ ಮಾವ ಕಣಪ್ಪ."

ಮಗು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ಅಲ್ಲ. ಮಾವ ಬಂದೋದ."

ನನ್ನ ತಮ್ಮ ಇದ್ದಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. "ಹೌದು ಕಣಪ್ಪ. ನಾನು ತಡ ಮಾಡ್ಬುಟ್ಟೆ" ಎಂದ. ಹೇಳುವಾಗ ಕಣ್ಣಿನಿಂದ ನೀರು ಇಳಿದು ಮಸಿಯಲ್ಲಿ ಗೆರೆ ಮೂಡಿತು.

ಜಗಲಿಯ ಮೇಲೆ ಹಗ್ಗ ಹೊಸೆಯುವುದು ನಿಂತಿತ್ತು. ನನ್ನ ಗಂಡ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ನೀರಿನ ಚೊಂಬು. ಎಂದೂ ಒಂದು ಲೋಟ ತಾನಾಗಿ ಎತ್ತಿಕೊಳ್ಳದ ಮನುಷ್ಯ, ಬೇಲಿಯವರೆಗೂ ನಡೆದುಹೋಗಿ ಅದನ್ನು ತಮ್ಮನ ಮುಂದೆ ಇಟ್ಟರು.

"ಕಾಲು ತೊಳ್ಕೊ. ಒಳಕ್ಕೆ ಬಾ" ಎಂದರು. ಅಷ್ಟೇ. ಆ ಒಂದು ಚೊಂಬು ನೀರಿಗಾಗಿ ಆಮೇಲೆ ನಾನು ಅವರ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಗಾಡಿ ಕಟ್ಟಿಕೊಂಡು ಸಿದ್ದರಬೆಟ್ಟಕ್ಕೆ ಹೋದೆವು. ಮೆಟ್ಟಿಲು ಹತ್ತಲು ತಮ್ಮ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ. ದಾರಿಯುದ್ದಕ್ಕೂ ಮೇಲಿನಿಂದ ಕೇಳುತ್ತಿತ್ತು ಸಣ್ಣ ದನಿ: "ನೀನು ಎರಡನೇ ಮಾವ, ಅಲ್ವಾ?" "ಹೂಂ ಕಣಪ್ಪ, ಎರಡನೇ ಮಾವ." "ಒಂದನೇ ಮಾವನ ಕತ್ತರಿ ದೊಡ್ಡದು." "ಗೊತ್ತು ಕಣಪ್ಪ, ನಮ್ಮನೆಗೆ ಬಂದಿದ್ರು, ನೋಡಿದೀನಿ." ಹಿಂದೆ ಬರುತ್ತಿದ್ದ ನನ್ನ ಗಂಡ ಟವಲಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ತಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತ್ತರಿ ಎತ್ತಿದ. ಮೂರು ಸಲ ಎಳೆ ಹಿಡಿದು ಮೂರು ಸಲ ಬಿಟ್ಟ. ಕೊನೆಗೆ ಮಗುವೇ, "ಹೆದರ್ಕಬ್ಯಾಡ, ನೋಯಲ್ಲ" ಎಂದು ಧೈರ್ಯ ಹೇಳಿತು. ಕ್ಷೌರದವನು ಉಳಿದದ್ದನ್ನು ಬೋಳಿಸಿದ. ಜಡೆಯನ್ನು ದೇವರಿಗೆ ಒಪ್ಪಿಸಿದೆವು. ಬೆಟ್ಟದ ತಣ್ಣೀರು ಬೋಳುತಲೆಗೆ ಬಿದ್ದಾಗ ಮಾತ್ರ ಮಗ ತನ್ನ ಹಳೆಯ ದನಿಯಲ್ಲಿ ಅರಚಿದ.

ಅಂದು ಸಂಜೆಯೇ ತವರು ತಲುಪಿದೆವು. ನಮ್ಮವ್ವ ಹೊಸಲಿನ ಒಳಗೆ ಗೋಡೆ ಹಿಡಿದು ನಿಂತಿದ್ದಳು. ನಾನು ಬಿಟ್ಟುಹೋದಾಗ ಅವಳ ತಲೆಗೂದಲು ಅರ್ಧ ಕಪ್ಪಿತ್ತು, ಈಗ ಪೂರಾ ಬಿಳಿ. ನನ್ನನ್ನು ನೋಡಿದಳೋ ಇಲ್ಲವೋ, ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡು ಬೋಳುತಲೆಯ ಮೇಲೆ ಮತ್ತೆ ಮತ್ತೆ ಕೈಯಾಡಿಸಿದಳು. ಬಂದುಹೋಗುವವರ ಬಾಯಲ್ಲೆಲ್ಲ ಆ ಜಡೆಯ ಸುದ್ದಿ ಕೇಳಿದ್ದಳಂತೆ.

"ಶ್ಯಾನೆ ಉದ್ದ ಇತ್ತಂತಲ್ಲೇ" ಎಂದಳು. "ನಾನೊಂದ್ಸಲಾನೂ ಬಾಚ್ಲಿಲ್ಲ. ಕಣ್ಣಲ್ಲೂ ಕಾಣ್ಲಿಲ್ಲ."

ಗಂಡಸರಿಬ್ಬರೂ ಹೊರಗೆ ಎತ್ತು ಬಿಚ್ಚುವ ನೆವ ಹುಡುಕಿಕೊಂಡು ಹೋದರು. ಐದು ವರ್ಷ ಕಾದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಕಂಬಕ್ಕೊರಗಿ ನಿಂತೆ.

"ಎಷ್ಟುದ್ದ ಇತ್ತಪ್ಪ?" ಎಂದು ಅವಳು ಮಗುವನ್ನೇ ಕೇಳಿದಳು.

ನನ್ನ ಮಗ ಮಡಿಲಿನಿಂದ ಇಳಿದು, ನೆಟ್ಟಗೆ ನಿಂತು, ಬಗ್ಗಿ ತನ್ನ ಹಿಮ್ಮಡಿ ಮುಟ್ಟಿ ತೋರಿಸಿದ. "ಇಲ್ಲೀಗಂಟ ಅಜ್ಜಿ."

"ಅಷ್ಟುದ್ದಾನಾ!" ಎಂದು ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನ್ನ ಮುಖ ನೋಡಿದಳು.

"ಹೌದವ್ವ" ಎಂದೆ. "ಅಷ್ಟುದ್ದ."