ನಂಗಲಿಯಲ್ಲಿ ಬಾಲ ಹಿಡಿ

ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಮೂವತ್ತು ವರ್ಷ ಗೋಡೆಯ ಮೇಲಿದ್ದ ಕತ್ತಿ ನಮ್ಮ ಪೂರ್ವಿಕರದ್ದಲ್ಲ. ಅವೆನ್ಯೂ ರಸ್ತೆಯ ಒಳಗಲ್ಲಿಯೊಂದರಲ್ಲಿ ಹಳೇ ಸಾಮಾನು ಮಾರುವವನಿಂದ ನಾನೇ ಕೊಂಡು ತಂದದ್ದು. ಅದರ ಹಿತ್ತಾಳೆ ಹಿಡಿಯನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೂ ನಾನೇ. ಹುಣಸೆಹಣ್ಣಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ಕಾಟನ್‌ಪೇಟೆಯಲ್ಲಿ ನಮ್ಮದು ಹುಣಸೆ, ಮೆಣಸಿನಕಾಯಿಯ ಸಗಟು ಅಂಗಡಿ.

ಇಷ್ಟನ್ನು ಹೇಳಿಕೊಳ್ಳಲು ನನಗೆ ಎಪ್ಪತ್ತೆಂಟು ವರ್ಷ ಬೇಕಾಯಿತು.

ನಮ್ಮವರು ಯುದ್ಧ ಮಾಡಿದವರಲ್ಲ, ಎತ್ತಿನ ಮೇಲೆ ಹೇರು ಹೊರಿಸಿಕೊಂಡು ನಡೆದವರು. ನಮ್ಮಜ್ಜಿಯ ತಾತನ ಕಾಲದವರೆಗೂ ಅದೇ ಕಸುಬು. ಇಲ್ಲಿಂದ ಬೆಲ್ಲ, ಹುಣಸೆ ಹೇರಿಕೊಂಡು ಮೂಡಲ ಸೀಮೆಗೆ ಇಳಿಯುವುದು, ಅಲ್ಲಿಂದ ಸಮುದ್ರದ ಉಪ್ಪು ಹೇರಿಕೊಂಡು ಹತ್ತುವುದು. ರೈಲು ಬಂದ ಮೇಲೆ ಎತ್ತುಗಳು ಹೋದವು, ಪೇಟೆಯ ಅಂಗಡಿ ಬಂತು. ಉಳಿದದ್ದು ಒಂದು ಕಂಟಲೆ. ಎತ್ತಿನ ಬೆನ್ನಿನ ಎರಡೂ ಕಡೆ ಇಳಿಬೀಳುವ ಜೋಡಿ ಚೀಲ ಅದು. ದಪ್ಪ ದಾರದಲ್ಲಿ ನೇಯ್ದದ್ದು, ಮೂಗಿನ ಹತ್ತಿರ ಹಿಡಿದರೆ ಈಗಲೂ ಉಪ್ಪಿನ ವಾಸನೆ.

ಆಯುಧ ಪೂಜೆಯ ದಿನ ಬೇರೆ ಅಂಗಡಿಗಳಲ್ಲಿ ತಕ್ಕಡಿಗೆ ಪೂಜೆ. ನಮ್ಮಲ್ಲಿ ತಕ್ಕಡಿಯ ಪಕ್ಕ ಕಂಟಲೆಯನ್ನೂ ಇಟ್ಟು ವಿಭೂತಿ ಹಚ್ಚುತ್ತಿದ್ದರು. ಮಂಗಳಾರತಿಯಾದ ಮೇಲೆ ಅಜ್ಜಿ ಒಂದೊಂದೇ ಊರಿನ ಹೆಸರು ಕೂಗುತ್ತಿದ್ದಳು. ಆ ಊರಿನಲ್ಲಿ ಎತ್ತಿನವನು ಮಾಡಬೇಕಾದ ಕೆಲಸವನ್ನು ಮಕ್ಕಳಾದ ನಾವು ತಿರುಗಿ ಕೂಗಬೇಕು. ದಾರಿ ಮರೆಯಬಾರದೆಂದು ಎಂದೋ ಕಟ್ಟಿದ್ದ ಪಾಠವದು. ದಾರಿಯೇ ಇಲ್ಲದ ಕಾಲಕ್ಕೂ ನಡೆದುಕೊಂಡು ಬಂದಿತ್ತು. ಅಜ್ಜಿ ಹೋದ ಮೇಲೆ ಕೂಗುವ ಸರದಿ ನನ್ನ ಅಕ್ಕನದಾಯಿತು. ಮದುವೆಯಾಗಿ ವೈಯಾಲಿಕಾವಲ್‌ಗೆ ಹೋದರೂ ಆ ಒಂದು ದಿನ ತಪ್ಪದೆ ಬರುತ್ತಿದ್ದಳು.

ಚಾಮರಾಜಪೇಟೆಯಲ್ಲಿ ಮನೆ ಕೊಂಡ ವರ್ಷ ನನ್ನ ಬುದ್ಧಿ ಕೆಟ್ಟಿತು. ಪಕ್ಕದ ಮನೆಯವರು ಹಳ್ಳಿ ಕಡೆಯ ದೊಡ್ಡ ಜಮೀನಿನ ಮನೆತನದವರು. ಅವರ ಬಾಗಿಲಲ್ಲಿ ಸದಾ ರಾಜಕೀಯದವರ ಕಾರು. ಒಂದು ದಿನ ಕಾಂಪೌಂಡಿನ ಆಚೆಯಿಂದ ಆ ಯಜಮಾನರು ಕೇಳಿದರು.

"ನಮ್ ಮುತ್ತಾತ ಪಟೇಲ್ರಾಗಿದ್ರು. ನಿಮ್ಮೋರು ಏನ್ ಮಾಡ್ಕೊಂಡಿದ್ರು?"

ಎತ್ತು ಹೊಡೀತಿದ್ರು ಎನ್ನುವ ಮಾತು ನಾಲಗೆಗೆ ಬರಲಿಲ್ಲ. "ಪಾಳೇಗಾರರ ದಂಡಲ್ಲಿದ್ರು" ಎಂದುಬಿಟ್ಟೆ. ಹೇಳಿದ ಮೇಲೆ ತೋರಿಸಲು ಏನಾದರೂ ಬೇಕಲ್ಲ. ಕತ್ತಿ ಬಂತು, ಕಂಟಲೆ ಅಟ್ಟ ಸೇರಿತು.

ಆ ವರ್ಷದ ಆಯುಧ ಪೂಜೆಗೆ ಪಕ್ಕದ ಮನೆಯವರನ್ನೆಲ್ಲ ಕರೆದಿದ್ದೆ. ಅಕ್ಕ ಬಂದಳು, ಕತ್ತಿಯನ್ನು ನೋಡಿದಳು.

"ಇದ್ಯಾವಾಗ ಬಂತೋ ನಮ್ಮನೇಗೆ? ಕಂಟಲೆ ಎಲ್ಲಿ?"

ಎಲ್ಲರೂ ತಿರುಗಿ ನೋಡಿದರು. ನಾನು ನಕ್ಕೆ. "ನಮ್ಮಕ್ಕಂಗೆ ಸ್ವಲ್ಪ ಮರೆವು. ಏನೇನೋ ಹೇಳ್ತಿರ್ತಾಳೆ," ಎಂದೆ.

ಅಕ್ಕನಿಗೆ ಆಗ ಐವತ್ತೆರಡು. ನಮ್ಮ ಮನೆಯಲ್ಲಿ ಯಾರ ಹುಟ್ಟು, ಯಾರ ಸಾವು ಯಾವ ತಿಥಿ ಎಂಬುದಕ್ಕೆಲ್ಲ ನಾವು ಕೇಳುತ್ತಿದ್ದದ್ದೇ ಅವಳನ್ನು. ಅವಳು ಊಟ ಮಾಡಿ ಹೋದಳು. ಆಮೇಲೂ ಹಬ್ಬ ಹರಿದಿನಕ್ಕೆ ಬಂದಳು, ನಮ್ಮ ಮಕ್ಕಳ ಮದುವೆಯಲ್ಲಿ ಓಡಾಡಿದಳು. ಊರಿನ ಹೆಸರುಗಳನ್ನು ಮಾತ್ರ ಮತ್ತೆ ಕೂಗಲಿಲ್ಲ. ನಾನೂ ಕೇಳಲಿಲ್ಲ.

ಈಗ ಬಸವನಗುಡಿಯ ಒಂದು ಉದ್ಯಾನದ ಮಂಟಪದಲ್ಲಿ ಭಾನುವಾರ ಬೆಳಿಗ್ಗೆ ನಮ್ಮಂಥ ಹಿರಿಯರು ಸೇರುತ್ತೇವೆ. ವಾರಕ್ಕೊಬ್ಬರು ಚರಿತ್ರೆಯ ಬಗ್ಗೆ ಮಾತಾಡಬೇಕು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ನಾನು ಅಲ್ಲಿ ಕತ್ತಿಯ ಬಲದ ಮೇಲೆ ದೊಡ್ಡ ಮನುಷ್ಯನಾಗಿದ್ದೆ. ಪಕ್ಕದ ಮನೆಯ ಯಜಮಾನರೂ ಅಲ್ಲಿಗೆ ಬರುತ್ತಾರೆ.

ಕಳೆದ ವರ್ಷ ಒಂದು ಭಾನುವಾರ, ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ಮಾತಾಡಿದರು. ಗಂಗರು ಮೊದಲು ಕೋಲಾರದಲ್ಲಿ ನಿಂತು ಆಳಿದ್ದೇಕೆ, ಆಮೇಲೆ ಕಾವೇರಿ ದಡದ ತಲಕಾಡಿಗೆ ಹೋದದ್ದೇಕೆ ಎಂಬುದು ವಿಷಯ. ತಲಕಾಡಿನಲ್ಲಿ ನದಿಯ ನೀರಿತ್ತು, ಗದ್ದೆಯಿತ್ತು. ಕೋಲಾರದಲ್ಲಿ ಇದ್ದದ್ದು ದಾರಿ ಎಂದರು ಅವರು. ಮೂಡಲ ಬಯಲಿನಿಂದ ಹತ್ತಿ ಬರುವ ಉಪ್ಪು, ಬಟ್ಟೆ ಆ ಕಡೆಯಿಂದಲೇ ಬರಬೇಕು. ದಾರಿಯಲ್ಲಿ ಕೆರೆಯಿದ್ದಲ್ಲಿ ಹೇರು ಇಳಿಯುತ್ತದೆ, ಹೇರು ಇಳಿದಲ್ಲಿ ಸಂತೆ, ಸಂತೆಯಿದ್ದಲ್ಲಿ ಸುಂಕ, ಸುಂಕವಿದ್ದಲ್ಲಿ ಅದನ್ನು ಕಾಯುವ ದೊರೆ.

"ಶಾಸನಗಳಲ್ಲಿ ದೊರೆಗಳ ಹೆಸರು ಸಿಗುತ್ತೆ," ಎಂದರು ಕೊನೆಗೆ. "ಆ ದಾರೀಲಿ ನಡೆದೋರು ಏನೂ ಬರೆದಿಡಲಿಲ್ಲ. ಅವರ ಬಾಯಿಂದ ನಾಲ್ಕು ಮಾತು ಸಿಕ್ಕಿದ್ರೆ ಸಾಕಿತ್ತು ನನಗೆ."

ಆ ನಾಲ್ಕು ಮಾತು ವೈಯಾಲಿಕಾವಲ್‌ನಲ್ಲಿ ಮಗಳ ಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿತ್ತು. ಅದಕ್ಕೀಗ ಎಂಬತ್ತೆರಡು ವರ್ಷ. ಆ ಪಾಠ ಇನ್ನೂ ಅಕ್ಕನಲ್ಲಿ ಉಳಿದಿದೆಯೋ ಇಲ್ಲವೋ, ಉಳಿದಿದ್ದರೂ ನನಗಾಗಿ ಬಾಯಿ ಬಿಡುತ್ತಾಳೋ ಇಲ್ಲವೋ. ಮಂಟಪದಿಂದ ನೇರ ಆಟೋ ಹತ್ತಿದೆ.

ಅಕ್ಕ ನನ್ನ ಮಾತನ್ನೆಲ್ಲ ಕೇಳಿದಳು. ಕೈ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗೆ ಮರೆವಲ್ವೇನೋ?"

"ತಪ್ಪಾಯ್ತು ಅಕ್ಕ."

"ಮೂವತ್ತು ವರ್ಷಕ್ಕೆ ಒಂದು ತಪ್ಪಾಯ್ತು. ಸಗಟು ವ್ಯಾಪಾರದೋನು ನೀನು, ಹೀಗೆ ಚಿಲ್ರೆ ಕೊಟ್ರೆ ಹೆಂಗೆ?"

ಕಾಲು ಮುಟ್ಟಲು ಬಗ್ಗಿದೆ. "ಬೇಡ ಬಿಡು, ಸೊಂಟ ಹಿಡ್ಕೊಂಡ್ರೆ ಎತ್ತೋರ್ಯಾರು," ಎಂದಳು. ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಅವಳೇ ಅಂದಳು. "ಕಂಟಲೆ ಇಳಿಸು. ಬಿಸಿಲಿಗೆ ಹಾಕು. ಸುಳ್ಳು ಯಾರ ಮುಂದೆ ಹೇಳಿದ್ಯೋ ಅವರ ಮುಂದೇನೇ ನಿಜ ಹೇಳು. ಆಮೇಲೆ ನಾನು ಕೂಗ್ತೀನಿ."

ಮುಂದಿನ ಭಾನುವಾರ ಅಕ್ಕನನ್ನೂ ಮಂಟಪಕ್ಕೆ ಕರೆತಂದು, ಕತ್ತಿಯನ್ನೂ ಕಂಟಲೆಯನ್ನೂ ಅಕ್ಕಪಕ್ಕ ಇಟ್ಟು ಎದ್ದು ನಿಂತೆ. ಯಾವುದನ್ನು ಎಲ್ಲಿಂದ ತಂದೆ, ಯಾವುದನ್ನು ಎಲ್ಲಿ ಬಚ್ಚಿಟ್ಟೆ, ಅಕ್ಕನನ್ನು ಏನೆಂದೆ, ಎಲ್ಲ ಹೇಳಿದೆ. ಕೊನೆಗೆ ಪಕ್ಕದ ಮನೆಯ ಯಜಮಾನರು ಕನ್ನಡಕ ತೆಗೆದರು.

"ಹಂಗಾದ್ರೆ ಇಷ್ಟು ವರ್ಷ ನಾನು ಕೈ ಮುಗಿದದ್ದು ಯಾರ ಕತ್ತಿಗೆ ಸ್ವಾಮಿ?"

"ಗುಜರಿಯವನ ಕತ್ತಿಗೆ," ಎಂದೆ.

ಅವರು ಜೋರಾಗಿ ನಕ್ಕರು. "ನಮ್ ಮುತ್ತಾತ ಬರೀ ಪಟೇಲ್ರಲ್ಲ, ಹುಣಸೆಹಣ್ಣೂ ಮಾರ್ತಿದ್ರು. ನಿಮ್ಮ ಕತ್ತಿ ನೋಡಿ ನಾನು ಅದನ್ನ ಹೇಳ್ಲಿಲ್ಲ," ಎಂದರು. ಮಂಟಪವೆಲ್ಲ ನಗು.

ಅಕ್ಕ ಏಳಲಿಲ್ಲ. ಕುರ್ಚಿಯಲ್ಲಿ ಕೂತೇ, ಕಂಟಲೆಯ ಅಂಚನ್ನು ಬೆರಳಲ್ಲಿ ಹಿಡಿದು ಕೂಗಿದಳು. "ಹೊಸಕೋಟೆ."

ಆಮೇಲೆ ಸುಮ್ಮನಾದಳು. ಎಲ್ಲರೂ ಕಾದರು. ಮರೆತಳೇನೋ ಎಂದುಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು. ಆಗ ತಿಳಿಯಿತು, ಅವಳ ಪಾಲು ಮುಗಿದಿದೆ, ತಿರುಗಿ ಕೂಗಬೇಕಾದವನು ನಾನು. ಹುಡುಗನಾಗಿದ್ದಾಗ ಕೂಗಿದ್ದ ಮಾತು ಎಲ್ಲಿತ್ತೋ ಏನೋ.

"ಕೆರೆಗಿಳಿ," ಎಂದೆ.

"ನರಸಾಪುರ."

"ಹೇರು ಬಿಚ್ಚು."

"ಕೋಲಾರ."

"ಸುಂಕ ಕೊಡು."

"ಮುಳಬಾಗಿಲು."

"ಲಾಳ ನೋಡು."

"ನಂಗಲಿ."

"ಬಾಲ ಹಿಡಿ."

ಮೇಡಂ ಭೂಪಟವನ್ನು ಮೊಣಕಾಲ ಮೇಲೆ ಹರಡಿಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದವರು ತಲೆ ಎತ್ತಿದರು. "ಬಾಲ ಯಾಕೆ ಹಿಡೀಬೇಕು ಅಮ್ಮ?"

"ಅಲ್ಲಿಂದ ಮುಂದೆ ಇಳಿಜಾರಲ್ವೇ ತಾಯಿ," ಎಂದಳು ಅಕ್ಕ. "ಹೇರು ಹೊತ್ತ ಎತ್ತು ಮುಗ್ಗರಿಸಬಾರ್ದು. ಹಿಂದೆ ನಡೆಯೋನು ಬಾಲ ಹಿಡ್ದು ಎಳೀತಾ ಇಳೀಬೇಕು. ಅಲ್ಲಿಗೆ ನಮ್ಮ ಸೀಮೆ ಮುಗೀತು ಅಂತಿದ್ಲು ಅಜ್ಜಿ."

ಮೇಡಂ ಪೆನ್ಸಿಲನ್ನು ಕೆಳಗಿಟ್ಟರು. ಹೊಯ್ಸಳರ ಶಾಸನಗಳಲ್ಲಿ ರಾಜ್ಯದ ಎಲ್ಲೆ ಹೇಳುವಾಗ ಪೂರ್ವಕ್ಕೆ ಬರುವ ಹೆಸರು ನಂಗಲಿಯ ಘಟ್ಟ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ದೊರೆಗಳು ಕಲ್ಲಿನಲ್ಲಿ ಕೆತ್ತಿಸಿದ ಎಲ್ಲೆಯೇ ನಮ್ಮಜ್ಜಿ ಮಕ್ಕಳ ಕೈಲಿ ಬಾಲ ಹಿಡಿ ಎಂದು ಕೂಗಿಸಿದ ಜಾಗ. ಅವರು ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡರು. "ನೀವು ಹೇಳಿದ್ದನ್ನ ನಾನು ಬರ್ಕೋತೀನಿ. ಇನ್ನೊಂದ್ಸಲ ಹೇಳ್ತೀರಾ?"

"ಇವನು ತಿರುಗಿ ಕೂಗಿದ್ರೆ ಹೇಳ್ತೀನಿ."

ಎರಡನೆಯ ಸಲ ನಾನೊಬ್ಬನೇ ಇರಲಿಲ್ಲ. ಕೋಲಾರ ಬರುವ ಹೊತ್ತಿಗೆ ಎಲ್ಲರೂ ಕಲಿತಿದ್ದರು. ಪಕ್ಕದ ಮನೆಯ ಯಜಮಾನರ ಗಂಟಲು ಎಲ್ಲರದಕ್ಕಿಂತ ದೊಡ್ಡದು. ನಂಗಲಿ ಎಂದು ಅಕ್ಕ ಕೂಗಿದಾಗ ಇಪ್ಪತ್ತು ಮುದುಕರು "ಬಾಲ ಹಿಡಿ" ಎಂದ ಅಬ್ಬರಕ್ಕೆ ಉದ್ಯಾನದಲ್ಲಿ ವಾಕಿಂಗ್ ಮಾಡುತ್ತಿದ್ದವರು ನಿಂತು ನೋಡಿದರು. ನನ್ನ ಕತ್ತಿಯ ಕತೆಗೆ ಒಂದು ಸಲವೂ ಯಾರೂ ಹಾಗೆ ನಿಂತದ್ದಿಲ್ಲ. ಅಷ್ಟು ದೊಡ್ಡ ದಾರಿಯ ಮಕ್ಕಳು ನಾವು ಎಂದು ನನಗೆ ಆ ಬೆಳಿಗ್ಗೆ ಮೈಯೆಲ್ಲ ಹಿಗ್ಗಿತು.

ಆಟೋದಲ್ಲಿ ಕಂಟಲೆಯ ಒಂದು ಚೀಲ ಅಕ್ಕನ ತೊಡೆಯ ಮೇಲೆ, ಇನ್ನೊಂದು ನನ್ನ ತೊಡೆಯ ಮೇಲೆ ಇತ್ತು. ಕತ್ತಿಯನ್ನು ಕಾಲ ಬಳಿ ಹಾಕಿದ್ದೆ.

"ಅದನ್ನೇನ್ ಮಾಡ್ತೀಯೋ?" ಎಂದಳು.

"ವಾಪಸ್ ಕೊಟ್ಬಿಡ್ತೀನಿ."

"ತಗೊಳಲ್ಲ ಅವನು. ತೆಂಗಿನಕಾಯಿ ಒಡಿಯೋಕೆ ಇಟ್ಕೋ," ಎಂದಳು.

ಈ ಸಲದ ಆಯುಧ ಪೂಜೆಯಲ್ಲಿ ಕಾಯಿ ಒಡೆದದ್ದು ಅದರಿಂದಲೇ. ಕಂಟಲೆಯ ಮುಂದೆ ಅಕ್ಕ ಕೂತಿದ್ದಳು. ಪಕ್ಕದ ಮನೆಯವರು ಕರೆಯುವ ಮೊದಲೇ ಬಂದು ನಿಂತಿದ್ದರು.