ಕಾಕು ಜೋಡಿಸಿದ ಗಿಟಾರು

ಮೊನ್ನೆ ಮನೆಯ ರೇಡಿಯೋದ ಕಡಿದ ವೈರಿಗೆ ಬೆಸುಗೆ ಹಾಕುತ್ತಿದ್ದೆ. ಕರಗಿದ ರಾಳದ ಹೊಗೆ ಮೂಗಿಗೆ ಬಡಿಯಿತು. ಮರಾಠಿ ಸೀಮೆಯ ಖಡಕಿಯಲ್ಲಿ ನಾನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮನೆಯೊಡತಿ ನೆನಪಾದರು...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅವರ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದೆ. ಹಡಪಸರದ ಕಾರ್ಖಾನೆಯೊಂದರಲ್ಲಿ ವೈರಿಂಗ್ ಕೆಲಸ. ದಿನವೆಲ್ಲ ಮರಾಠಿಯಲ್ಲಿ ಕಳೆದು ಬಂದ ನನಗೆ ಮನೆಮಾತು ಸಿಗುತ್ತಿದ್ದದ್ದು ವಿಜಯಪುರದ ಕಡೆಯ ಕಾಕುವಿನಿಂದಲೇ. ಅವರ ಗಂಡ, ಕಾಕಾ, ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರಂತೆ. ಕೀಬೋರ್ಡ್ ಬಂದ ಮೇಲೆ ಅವರನ್ನು ಕರೆಯುವವರಿಲ್ಲದೆ ಗಿಟಾರ್ ಅಟ್ಟ ಸೇರಿತ್ತು. ನಾನು ಕಂಡ ಕಾಕಾ ಮಾತ್ರ ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡನ್ನೂ ಕಳೆದುಕೊಂಡವರು. ಮಂಚದ ಮೇಲೆ ಗೋಡೆ ನೋಡುತ್ತ ಕೂತಿರುತ್ತಿದ್ದರು.

ಒಂದು ಭಾನುವಾರ ಕಾಕು ಆ ಗಿಟಾರ್ ಇಳಿಸಿ ನನ್ನ ಮುಂದಿಟ್ಟರು.

"ತಂತಿ ಒತ್ತೋದು ಎಡಗೈಲೆ ಅಲ್ಲ, ತಮ್ಮಾ? ಅದು ಚಲೋ ಅದ. ಬಲಗೈದು ನಾ ಮಾಡ್ತೀನಿ. ನೀ ಇದರ ವೈರಿಂಗ್ ಅಷ್ಟು ನೋಡು."

ಒಡಲು ಪೊಳ್ಳಾದ ಹಳೆಯ ಎಲೆಕ್ಟ್ರಿಕ್ ಗಿಟಾರ್. ಪಿಟೀಲಿಗಿರುವಂತೆ ಎದೆಯಲ್ಲಿ ಎರಡು ಬಾಗಿದ ಸೀಳು. ಹಿಂದೆ ಬಿಚ್ಚುವ ಮುಚ್ಚಳವಿಲ್ಲ; ಹಸಿರುಗಟ್ಟಿದ ವೈರುಗಳನ್ನೆಲ್ಲ ಆ ಸೀಳಿನಿಂದಲೇ ಹೊರಗೆಳೆದು, ಬೆಸುಗೆ ಹಾಕಿ, ದಾರ ಕಟ್ಟಿ ಎಳೆದು ಮತ್ತೆ ಒಳಗೆ ಕೂರಿಸಬೇಕಿತ್ತು. ಎಷ್ಟೋ ಭಾನುವಾರ ಹಿಡಿಯಿತು. ಕಾಕು ಬಿರುಕಿಗೆ ಮರದ ಅಂಟು ಹಚ್ಚಿ ಹಗ್ಗ ಬಿಗಿದರು, ತುಕ್ಕು ಉಜ್ಜಿದರು, ಕ್ಯಾಂಪ್ ಪೇಟೆಗೆ ಹೋಗಿ ಹೊಸ ತಂತಿ ತಂದರು. ಕಾಕಾನ ತೋಳು ಒರಗುತ್ತಿದ್ದಲ್ಲಿ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು. ನಾನು ಪಾಲಿಶ್ ಡಬ್ಬಿ ತೆಗೆದಾಗ ಕಾಕು ತಡೆದರು.

"ಅಲ್ಲಿ ಬ್ಯಾಡ. ಅದು ಅವರು ಸವೆಸಿದ್ದು."

ಕೆಲಸ ಮುಗಿದ ದಿನ ನಾನು ಬಾಡಿಗೆಗೆ ಆಂಪ್ಲಿಫೈಯರ್ ತಂದೆ. ಕಾಕು ಗಿಟಾರನ್ನು ಗಂಡನ ತೊಡೆಯ ಮೇಲಿಟ್ಟು, ಅವರ ಎಡಗೈ ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಕೂರಿಸಿ, ಅವರ ಪಕ್ಕಕ್ಕೆ ಒತ್ತಿಕೊಂಡು ಕೂತು ತಾವು ಮೀಟಿದರು. ದುಂಡನೆಯ, ಬೆಚ್ಚನೆಯ ದನಿ ಆ ಸಣ್ಣ ಖೋಲಿಯನ್ನು ತುಂಬಿತು.

"ಕೇಳಿದ್ರ್ಯಾ? ನಿಮ್ದ ಆವಾಜ," ಎಂದರು ಕಾಕು.

ಕಾಕಾ ಕಣ್ಣು ಮುಚ್ಚಿದರು. ಕಾಕು ಮತ್ತೆ ಮೀಟಿದರು. ಆಗ ಕಾಕಾ, ನೆಟ್ಟಗಿದ್ದ ಅದೇ ಎಡಗೈಯಿಂದ ಗಿಟಾರನ್ನು ಮೆಲ್ಲಗೆ ಆಚೆ ತಳ್ಳಿ ಗೋಡೆಯತ್ತ ತಿರುಗಿಬಿಟ್ಟರು.

ಮುಂದಿನ ವಾರಗಳಲ್ಲಿ ಕಾಕು ಮತ್ತೆ ಮತ್ತೆ ಪ್ರಯತ್ನಿಸಿದರು. ಪ್ರತಿ ಸಲವೂ ಹಾಗೇ... ಕೊನೆಗೆ ಹಳೆಯ ಸೀರೆ ಸುತ್ತಿ ಅದನ್ನು ಅಟ್ಟಕ್ಕೇರಿಸಿದರು. ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಕಾಕು ಮೆಟ್ಟಿಲ ಮೇಲೆ ಕೂತು ನನ್ನನ್ನು ಕೇಳಿದರು:

"ಅವರಿಗೆ ಗಿಟಾರ್ ಬ್ಯಾಡಾಗಿತ್ತೋ, ನಾ ಬಾರಿಸಿದ್ದು ಬ್ಯಾಡಾಗಿತ್ತೋ, ತಮ್ಮಾ?"

ಆಮೇಲೆ ಅವರೇ ಎದ್ದು ಚಹಾ ಇಡಲು ಒಳಗೆ ಹೋದರು.

ಮುಂದೆ ಕಾಕು ಮನೆ ಬಿಟ್ಟು ತಂಗಿಯ ಊರಿಗೆ ಹೋದರು. ಗಿಟಾರ್ ಎಲ್ಲಿ ಹೋಯಿತೋ ತಿಳಿಯದು. ಹೋದ ವರ್ಷ ಕಾಕು ತೀರಿಕೊಂಡ ಸುದ್ದಿ ಬಂತು. ಉತ್ತರ ಗೊತ್ತಿದ್ದವರು ಮೊದಲೇ ಹೋಗಿದ್ದರು. ಈಗ ಕೇಳಿದವರೂ ಇಲ್ಲ.