ಮಕ್ಕಳನ್ನು ಅಳೆಯಲು ಬಂದವರು

ಬೇವಿನಕುಂಟೆಯ ಗೊಲ್ಲರಹಟ್ಟಿಯಲ್ಲಿ ಗಂಗಕ್ಕನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಅವಳ ಗಂಡ ಜುಂಜಣ್ಣ. ವರ್ಷದ ಬಹುಭಾಗ ಕುರಿಮಂದೆಯ ಹಿಂದೆ ಹೊಲದಿಂದ ಹೊಲಕ್ಕೆ ಅಲೆಯುತ್ತಿದ್ದುದರಿಂದ ಅವಳ ಮಾತು ಅವನ ಕಿವಿಗೆ ಬೀಳುತ್ತಿದ್ದುದೇ ಅಪರೂಪ. ಇನ್ನೊಬ್ಬಳು ಕೊನೆಯ ಮಗಳು ನಾಗಿ. ಅವಳಿಗೆ ಕಿವಿಯೇ ಸರಿಯಾಗಿ ಕೇಳುತ್ತಿರಲಿಲ್ಲ.

ಗಂಗಕ್ಕ ಎತ್ತರದ ಹೆಂಗಸು, ಎಲುಬು ಕಾಣುವ ಮೈ. ಧರ್ಮಪುರದ ಕಡೆಯ ಕೆಂಪು ನೆಲದಲ್ಲಿ ಶೇಂಗಾ ಕಳೆ ಕೀಳುತ್ತಾ, ಮರಿಗಳಿಗೆ ಸೊಪ್ಪು ತರುತ್ತಾ ಒಬ್ಬಳೇ ಸಂಸಾರ ತೂಗಿಸಿದವಳು. ಬಗಲಿಗೆ ಚೀಲ ಹಾಕಿಕೊಂಡು ಹಟ್ಟಿಗೆ ಬರುವ ಸರ್ಕಾರದವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದು ಹುಟ್ಟುಗುಣವಲ್ಲ, ಎಪ್ಪತ್ತಾರನೇ ಇಸವಿ ಕಲಿಸಿದ್ದು.

ಆ ವರ್ಷ ಸರ್ಕಾರಕ್ಕೆ ಹಟ್ಟಿಯ ಜನರ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತ್ತು. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಇಷ್ಟು ಜನರನ್ನು ತರಲೇಬೇಕು ಎಂದು ಮೇಲಿನಿಂದ ಕಟ್ಟಪ್ಪಣೆಯಾಗಿತ್ತು. ಜೀಪಿನ ಸದ್ದು ಕೇಳಿದರೆ ಸಾಕು, ಮೀಸೆ ಹೊತ್ತ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ ಜಾಲಿ ಪೊದೆಯೊಳಗೆ ನುಗ್ಗುತ್ತಿದ್ದರು. ಬಂದವರಿಗೆ ಉತ್ತರ ಹೇಳಲು ಹೆಂಗಸರನ್ನು ಬಿಟ್ಟು ಹೋಗುತ್ತಿದ್ದರು. ಸಂಜೆ ಮುಳ್ಳು ಕಿತ್ತುಕೊಳ್ಳುತ್ತಾ ಹೊರಬಂದವರಿಗೆ ಗಂಗಕ್ಕ ಅನ್ನುತ್ತಿದ್ದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ನಾಗಿಗೆ ದಡಾರ ಎದ್ದದ್ದು ಅದೇ ಬೇಸಿಗೆಯಲ್ಲಿ. ಆಗಿನ್ನೂ ಮೂರು ತುಂಬಿದ ಕೂಸು. ಜ್ವರ ಇಳಿದ ಮೇಲೆ ಎರಡೂ ಕಿವಿ ಸೋರತೊಡಗಿದವು. ಗಂಗಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು ಬೇವಿನಕುಂಟೆಯ ಆಸ್ಪತ್ರೆಗೆ ನಡೆದಳು. ಅಲ್ಲಿದ್ದ ಡಾಕ್ಟರು ಪಂಚಾಕ್ಷರಪ್ಪನವರು ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಮಾತಾಡುವಾಗ ಎದುರಿನವರ ಮುಖ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಮಗುವಿಗೆ ಏನಾಗಿದೆ ಎಂದು ಕೇಳುವ ಮೊದಲು ತಾಯಿಗೆ ಎಷ್ಟು ಮಕ್ಕಳು ಎಂದು ಕೇಳಿದರು. ನಾಲ್ಕು ಎಂದಳು.

"ಹಂಗಾರೆ ನೀನು ಮೊದ್ಲು ಆಪರೇಷನ್ ಮಾಡಿಸ್ಕ. ಕಿವಿ ಆಮೇಲೆ ನೋಡಾಣ," ಅಂದರು.

ಪಕ್ಕದಲ್ಲಿ ನಿಂತಿದ್ದ ನರ್ಸು ವೀರಮ್ಮ ಬಾಯಿ ಬಿಡಲಿಲ್ಲ. ಗಂಗಕ್ಕ ಮಗುವನ್ನು ಮತ್ತೆ ಸೊಂಟಕ್ಕೇರಿಸಿಕೊಂಡು ಬಂದಳು. ಹಟ್ಟಿಯ ಮುದುಕಿಯರು ಹೇಳಿದಂತೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಸೋರುವುದು ನಿಂತ ಹಾಗಾಗಿ ಮತ್ತೆ ಶುರುವಾಗುತ್ತಿತ್ತು. ಕ್ರಮೇಣ ಹಿಂದಿನಿಂದ ಕೂಗಿದರೆ ಮಗು ತಿರುಗದಾಯಿತು. ಆದರೆ ಹಟ್ಟಿಯಲ್ಲಿ ಅದೊಂದು ದೊಡ್ಡ ಕೊರತೆ ಅನ್ನಿಸಲಿಲ್ಲ. ನಾಗಿ ಎಲ್ಲರ ಬಾಯಿ ನೋಡಿ, ಕೈ ನೋಡಿ, ಹೇಳಿದ ಕೆಲಸವನ್ನು ಅಕ್ಕಂದಿರಿಗಿಂತ ಚುರುಕಾಗಿ ಮಾಡುತ್ತಿದ್ದಳು.

ಎರಡು ವರ್ಷ ಕಳೆದು ಶಾಲೆಗೆ ಸೇರಿಸುವ ಕಾಲ ಬಂತು. ಬೇವಿನಕುಂಟೆ ಶಾಲೆಯ ಹೆಡ್‌ಮೇಷ್ಟ್ರು ಚಿಕ್ಕತಿಮ್ಮಪ್ಪನಿಗೆ ಮಕ್ಕಳ ಯೋಗ್ಯತೆ ತಿಳಿಯಲು ಗೊತ್ತಿದ್ದ ವಿದ್ಯೆ ಒಂದೇ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ತರಗತಿ, ಮುಟ್ಟದಿದ್ದರೆ ಮನೆ. ಹೊಟ್ಟೆಗಿಲ್ಲದೆ ಬೆಳೆಯದ ಕೈ ಯಾವುದು, ವಯಸ್ಸಾಗದ ಕೈ ಯಾವುದು ಎಂಬ ಯೋಚನೆ ಅವನ ತಲೆಯೊಳಗೆ ಹೊಕ್ಕಿರಲಿಲ್ಲ. "ಕಿವಿ ಮುಟ್ಟಮ್ಮ" ಎಂದು ಅವನು ಕುರ್ಚಿಯಲ್ಲಿ ಕೂತು, ಎಲೆಯಡಿಕೆ ತುಂಬಿದ ಬಾಯಲ್ಲೇ ಅಂದ. ಅಗಿಯುವ ಬಾಯನ್ನು ಓದುವುದು ನಾಗಿಗೆ ಬರುತ್ತಿರಲಿಲ್ಲ. ಅವಳು ಅವನನ್ನೇ ನೋಡುತ್ತಾ ನಿಂತಳು. ಇನ್ನೊಂದು ಸಲ ಅಂದ, ಅವಳು ನಿಂತೇ ಇದ್ದಳು. ಈ ಮಗು ಮೊದ್ದು, ಇದಕ್ಕೆ ಅಕ್ಷರ ಹತ್ತುವುದಿಲ್ಲ, ಕುರಿ ಕಾಯಲು ಕಳಿಸು ಎಂದು ಅವನು ಹೇಳಿ ಮುಗಿಸಿದ.

"ಕುರಿ ಕಾಯಾಕೂ ಕಿವಿ ಬೇಕು ಮೇಷ್ಟ್ರೇ," ಅಂದಳು ಗಂಗಕ್ಕ. "ತ್ವಾಳ ಹೇಳಿ ಬರಲ್ಲ. ಕಿವಿ ಇಲ್ದೆ ಮಾಡೋ ಕೆಲ್ಸ ಅಂದ್ರೆ ನಿಮ್ದೊಂದೇ ಇರಬೇಕು."

ಮೇಷ್ಟ್ರು ಎದ್ದು ಹೋಗಿ ಉಗುಳಿ ಬಂದ. ಅಷ್ಟರಲ್ಲಿ ಅವಳು ಮಗಳನ್ನು ಎಳೆದುಕೊಂಡು ಹೊರಟುಹೋಗಿದ್ದಳು.

ಅದೇ ಮಳೆಗಾಲ ಕಳೆದ ಮೇಲೆ ಒಂದು ಹೊಸ ಸುದ್ದಿ ಬಂತು. ದುರ್ಗದಿಂದ ದೊಡ್ಡ ಸಾಹೇಬರೊಬ್ಬರು ಬರುತ್ತಾರೆ, ಶಾಲೆಗೆ ಸೇರುವ ವಯಸ್ಸಿನ ಮಕ್ಕಳು ಎಷ್ಟು ತಯಾರಾಗಿದ್ದಾರೆ, ಅವರನ್ನು ಹಾಗೆ ತಯಾರು ಮಾಡುವುದರಲ್ಲಿ ಆಸ್ಪತ್ರೆಯ ಪಾಲೆಷ್ಟು ಎಂದು ಅಳೆಯುತ್ತಾರೆ ಎಂಬುದೇ ಆ ಸುದ್ದಿ. ಆಪರೇಷನ್ನಿನ ಮಾತು ಅಷ್ಟರಲ್ಲಿ ಹಳಸಿತ್ತು. ಸರ್ಕಾರ ಬದಲಾಗಿತ್ತು, ಜೀಪು ಮಾತ್ರ ಅದೇ. ನಿನ್ನೆಯವರೆಗೆ ಮಕ್ಕಳು ಹುಟ್ಟುವುದೇ ಬೇಡ ಎಂದು ಊರೂರು ತಿರುಗಿದವರು ಈಗ ಹುಟ್ಟಿದ ಮಕ್ಕಳ ಬುದ್ಧಿ ಬೆಳೆದಿದ್ದು ತಮ್ಮಿಂದಲೇ ಎಂದು ತೋರಿಸಿಕೊಳ್ಳಬೇಕಾಗಿತ್ತು.

ಪಂಚಾಕ್ಷರಪ್ಪನವರು ಅಳುಕುವವರಲ್ಲ. ಆಸ್ಪತ್ರೆಗೆ ಸುಣ್ಣ ಹೊಡೆಸಿದರು. ಅಂಗಳದ ಬೇವಿನ ಮರಗಳ ಬುಡಕ್ಕೂ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆಸಿದರು. ಆಮೇಲೆ ಮಕ್ಕಳನ್ನು ಆರಿಸಿದರು. ಕಿರಾಣಿ ಅಂಗಡಿಯವನ ಮಗ, ಕಾಂಪೌಂಡರನ ಮಗಳು, ಶ್ಯಾನುಭೋಗರ ಮನೆಯ ಮೊಮ್ಮಕ್ಕಳು. ಅವರೂ ಸಾಲದೆ ಹಿರಿಯೂರಿನ ಹತ್ತಿರ ಬಬ್ಬೂರು ಫಾರಂ ಎಂಬ ಸರ್ಕಾರಿ ಕೃಷಿ ಕೇಂದ್ರದಲ್ಲಿ ನೌಕರಿಯಲ್ಲಿದ್ದ ತಮ್ಮ ಭಾವಮೈದುನನ ಇಬ್ಬರು ಮಕ್ಕಳನ್ನು ಬಸ್ಸಿನಲ್ಲಿ ಕರೆಸಿಕೊಂಡರು. ಹಾಲು ಕುಡಿದು ಕೆನ್ನೆ ಉಬ್ಬಿದ, ಹಿರಿಯೂರಿನ ಶಿಶುವಿಹಾರದಲ್ಲಿ ಹಾಡು ಕಲಿತ ಮಕ್ಕಳು. ಆ ಕೆನ್ನೆಗಳಿಗೂ ಬೇವಿನಕುಂಟೆ ಆಸ್ಪತ್ರೆಗೂ ಇದ್ದ ಸಂಬಂಧ ಹೊಸದಾಗಿ ಹಚ್ಚಿದ ಸುಣ್ಣಕ್ಕಿಂತ ಗಟ್ಟಿಯಾದದ್ದೇನಲ್ಲ.

ಹಿಂದಿನ ದಿನ ವೀರಮ್ಮ ಹಟ್ಟಿಗೆ ಬಂದಳು. ಹೊಳಲ್ಕೆರೆ ಕಡೆಯ, ಮೃದು ಮಾತಿನ ವಿಧವೆ. ನಾಳೆ ಯಾರೂ ಮಕ್ಕಳನ್ನು ಆಸ್ಪತ್ರೆ ಕಡೆ ಕಳಿಸಬಾರದು ಎಂದು ಡಾಕ್ಟರು ಹೇಳಿಕಳಿಸಿದ್ದಾರೆ ಎಂದು ನೆಲ ನೋಡುತ್ತಾ ಒಪ್ಪಿಸಿದಳು. ಗಂಗಕ್ಕ ಸೊಪ್ಪಿನ ಹೊರೆ ಇಳಿಸಿ ಕಾರಣ ಕೇಳಿದಳು. ಗಲಾಟೆ ಆಗುತ್ತದಂತೆ ಎಂದಳು ವೀರಮ್ಮ.

"ಇಷ್ಟು ದಿನ ಬರ್ರಿ ಬರ್ರಿ ಅಂತ ಅಟ್ಟಿಸ್ಕೊಂಡು ಬಂದ್ರಿ. ಈಗ ಬರಬ್ಯಾಡ್ರಿ ಅಂತ ಹೇಳಾಕೂ ನೀನೇ ಬಂದೀಯ," ಎಂದು ಗಂಗಕ್ಕ ನಕ್ಕಳು. ವೀರಮ್ಮ ಬಂದ ದಾರಿಯಲ್ಲೇ ಹಿಂತಿರುಗಿದಳು.

ಬರಬೇಡ ಎಂದರೆ ಗಂಗಕ್ಕ ಹೋಗದೆ ಇರುವವಳಲ್ಲ. ಬೆಳಿಗ್ಗೆ ನಾಗಿಗೆ ತಲೆಗೆ ಎರೆದು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ, ಹಬ್ಬದ ಲಂಗ ತೊಡಿಸಿ ಹೊರಟಳು.

ಆಸ್ಪತ್ರೆಯ ಅಂಗಳದಲ್ಲಿ ಚಾಪೆ ಹಾಸಿ ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಮೇಜಿನ ಹಿಂದೆ ದುರ್ಗದ ಸಾಹೇಬರು, ದಪ್ಪ ಕನ್ನಡಕ, ಹಣೆ ತುಂಬ ಬೆವರು. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಬಣ್ಣದ ಮಣಿ ತೋರಿಸಿದರು, ಒಂಟಿ ಕಾಲಲ್ಲಿ ನಿಂತರು, ಬೆರಳು ಮಡಿಸಿ ಎಣಿಸಿದರು. ಸಾಹೇಬರು ತಲೆದೂಗುತ್ತಿದ್ದರು. ಬಬ್ಬೂರಿನ ಹುಡುಗ ಹೆಸರು ಸ್ಪಷ್ಟವಾಗಿ ಹೇಳಿದ. ಖುಷಿಯಾದ ಸಾಹೇಬರು ಯಾವ ಊರಪ್ಪಾ ಅಂದರು. ಬಬ್ಬೂರು ಫಾರಂ ಎಂದು ಅವನು ಅಷ್ಟೇ ಸ್ಪಷ್ಟವಾಗಿ ಹೇಳಿದ. ಪಂಚಾಕ್ಷರಪ್ಪನವರು ಗಟ್ಟಿಯಾಗಿ ನಕ್ಕು, ಮಕ್ಕಳಿಗೆ ಅತ್ತೆ ಮನೆ ಅಂದರೆ ಇಷ್ಟ, ಇಲ್ಲೇ ಇರುತ್ತಾನೆ ಅಂದರು. ಸಾಹೇಬರೂ ನಕ್ಕರು. ಆಸ್ಪತ್ರೆಯ ಹಿಂದೆ ಸಾಹೇಬರಿಗೆಂದು ಬೇಯಿಸುತ್ತಿದ್ದ ಕೋಳಿ ಸಾರಿನ ವಾಸನೆ ಬರುತ್ತಿತ್ತು. ಅಂಥ ಹೊತ್ತಲ್ಲಿ ಯಾವ ಊರಾದರೇನು ಎಂದು ಅವರಿಗನ್ನಿಸಿರಬೇಕು.

ಗಂಗಕ್ಕ ನಾಗಿಯನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು. ಇದು ಇವತ್ತಿನ ಲೆಕ್ಕದಲ್ಲಿಲ್ಲ ಎಂದು ಡಾಕ್ಟರು ಅಡ್ಡ ಬಂದರು. ಸಾಹೇಬರಿಗೆ ತಮ್ಮ ಒಳ್ಳೆಯತನ ತೋರಿಸುವ ಮನಸ್ಸಾಯಿತು. ಇರಲಿ, ಬರಲಿ ಅಂದರು. ತಲೆ ತಗ್ಗಿಸಿ ಮೇಜಿನ ಮೇಲಿನ ಮಣಿ ಜೋಡಿಸುತ್ತಾ ಹೆಸರೇನು ಎಂದು ಕೇಳಿದರು. ನಾಗಿಗೆ ಅವರ ಬಾಯಿ ಕಾಣಲಿಲ್ಲ. ಕೆಂಪು ಮಣಿ ಯಾವುದು ಅಂದರು. ಅವಳು ತಾಯಿಯ ಕಡೆ ತಿರುಗಿದಳು. ಸಾಹೇಬರು ಪೆನ್ನು ಮುಚ್ಚಿ, ಇಂಥವು ಹುಟ್ಟಿನಿಂದಲೇ ಬರುತ್ತವೆ, ಬುದ್ಧಿ ಬೆಳೆದಿರುವುದಿಲ್ಲ, ಇದಕ್ಕೆ ನಿಮ್ಮನ್ನು ದೂರುವಂತಿಲ್ಲ ಎಂದು ಡಾಕ್ಟರಿಗೆ ಸಮಾಧಾನ ಹೇಳಿದರು. ಡಾಕ್ಟರು ಸಮಾಧಾನಪಟ್ಟರು.

ಗಂಗಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಮುಂದೆ ಬಂದಳು. ಕೂಗಾಡಲಿಲ್ಲ.

"ಹುಟ್ಟಿದಾಗ ಕೇಳ್ತಿತ್ತು ಸ್ವಾಮಿ. ದಡಾರ ಬಂದು ಕಿವಿ ಸೋರಿದಾಗ ಇದೇ ಬಾಗ್ಲಿಗೆ ತಂದಿದ್ದೆ. ಇವ್ರು ನನ್ನ ಹೊಟ್ಟೆ ಕೊಯ್ಯಾಕೆ ನಿಂತ್ರು, ಇದ್ರ ಕಿವಿ ಯಾರೂ ನೋಡ್ಲಿಲ್ಲ. ಆಸ್ಪತ್ರೆ ಪಾಲು ಎಷ್ಟು ಅಂತ ಅಳ್ಯಾಕೆ ಬಂದೀರಂತಲ್ಲ, ಇದನ್ನೂ ಅಳ್ದು ಬರ್ಕಳ್ರಿ."

ಸಾಹೇಬರು ಡಾಕ್ಟರ ಮುಖ ನೋಡಿದರು, ಡಾಕ್ಟರು ಬೇವಿನ ಮರ ನೋಡಿದರು. ಕೊನೆಗೆ ಸಾಹೇಬರು ಕರ್ಚೀಫಿನಿಂದ ಹಣೆ ಒರೆಸಿಕೊಂಡು, "ಕಿವಿ ವಿಚಾರ ನಾವು ಕೇಳೋ ಪ್ರಶ್ನೆಯಲ್ಲಿ ಬರೋದಿಲ್ಲಮ್ಮ," ಅಂದರು.

ಅಷ್ಟೇ. ಊಟಕ್ಕೆ ಎದ್ದರು. ಮುಂದಿನ ತಿಂಗಳು ಬೇವಿನಕುಂಟೆ ಆಸ್ಪತ್ರೆ ಮಕ್ಕಳನ್ನು ಶಾಲೆಗೆ ಅಣಿಗೊಳಿಸುವುದರಲ್ಲಿ ತಾಲ್ಲೂಕಿಗೇ ಮಾದರಿ ಎಂದು ಹೊಗಳಿಕೆ ಬಂತು. ಮೇಷ್ಟ್ರು ಚಿಕ್ಕತಿಮ್ಮಪ್ಪ ಡಾಕ್ಟರಿಗೆ ಹಾರ ಹಾಕಿದ. ಆ ಹಾರಕ್ಕೆ ಕೊರಳೊಡ್ಡಲು ಪಂಚಾಕ್ಷರಪ್ಪನವರಿಗೆ ಒಂದಿಷ್ಟೂ ಸಂಕೋಚವಾಗಲಿಲ್ಲ.

ಆದರೆ ಅಳತೆಯ ಮರುದಿನವೇ ವೀರಮ್ಮ ಶೇಂಗಾ ಹೊಲಕ್ಕೆ ಬಂದಿದ್ದಳು. ಬದುವಿನ ಮೇಲೆ ನಿಂತು, ದುರ್ಗದ ದೊಡ್ಡ ಆಸ್ಪತ್ರೆಯಲ್ಲಿ ಕಿವಿ ಡಾಕ್ಟರು ಇದ್ದಾರೆ, ಮಗುವನ್ನು ತೋರಿಸು ಎಂದಳು. ಗಂಗಕ್ಕ ಕಿತ್ತ ಗಿಡದ ಮಣ್ಣು ಒದರುತ್ತಲೇ, ನನ್ನ ಹೊಟ್ಟೆ ಮೇಲೆ ಇನ್ನೂ ಕಣ್ಣಿದೆಯೇನು ಎಂದು ಕೇಳಿದಳು.

"ಆ ವರ್ಷ ಆಪರೇಷನ್ ಕೇಸು ತರದಿದ್ರೆ ಕೆಲ್ಸದಿಂದ ತೆಗೀತೀವಿ ಅಂದಿದ್ರು ಗಂಗಕ್ಕ. ನಂಗೂ ಇಬ್ರು ಮಕ್ಳು. ಬಾಯಿ ಮುಚ್ಕೊಂಡಿದ್ದೆ," ಅಂದಳು ವೀರಮ್ಮ. "ಒಬ್ಳೇ ಹೋದ್ರೆ ಆ ಕಿಟಕಿ ಈ ಕಿಟಕಿ ಅಂತ ತಿರುಗಾಡಿಸ್ತಾರೆ. ನಾನು ರಜ ಹಾಕಿ ಬರ್ತೀನಿ. ಹೋಗಾಣ."

ಗಂಗಕ್ಕನಿಗೆ ಕರುಣೆಯೇನೂ ಹುಟ್ಟಲಿಲ್ಲ. ಬಾಯಿ ಮುಚ್ಚಿಕೊಂಡು ಮಗುವಿನ ಕಿವಿ ಕೊಳೆಯಲು ಬಿಟ್ಟವಳು ಈಗ ಬಂದು ರಜೆ ಹಾಕುತ್ತೇನೆ ಅನ್ನುತ್ತಾಳಲ್ಲ ಎಂದು ಮೈ ಉರಿಯಿತು. ಆದರೂ ಮಗಳ ಮುಂದೆ ತನ್ನ ಸಿಟ್ಟು ದೊಡ್ಡದಲ್ಲ ಎಂಬಷ್ಟು ತಿಳಿವಳಿಕೆ ಅವಳಿಗಿತ್ತು. ಧರ್ಮಪುರದಿಂದ ಬಸ್ಸು ಹಿಡಿದು, ಹಿರಿಯೂರಲ್ಲಿ ಇಳಿದು, ಬೇರೆ ಬಸ್ಸು ಹತ್ತಿ ಮೂವರೂ ದುರ್ಗಕ್ಕೆ ಹೋದರು. ದಾರಿಯುದ್ದಕ್ಕೂ ಅವಳು ವೀರಮ್ಮನ ಜೊತೆ ಮಾತಾಡಲಿಲ್ಲ. ರೊಟ್ಟಿ ಗಂಟು ಬಿಚ್ಚಿದಾಗ ಮಾತ್ರ ಒಂದನ್ನು ಅವಳ ಕಡೆಗೂ ತಳ್ಳಿದಳು.

ಅಲ್ಲಿಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಇಷ್ಟು ತಡವಾಗಿ ತಂದಿದ್ದೀಯಲ್ಲ, ತಾಯಿಯೇನಮ್ಮ ನೀನು ಎಂದು ಗದರಿದರು. ಗಂಗಕ್ಕ ಬಾಯಿ ತೆರೆಯುವುದರೊಳಗೆ ವೀರಮ್ಮ, ತಾಯಿ ಆಗಲೇ ತಂದಿದ್ದಳು ಸಾರ್, ನೋಡದೆ ಕಳಿಸಿದವರು ನಾವು ಅಂದಳು. ಡಾಕ್ಟರು ಮತ್ತೆ ಕಿವಿಯ ಕಡೆ ಬಾಗಿದರು. ಎಡಗಿವಿ ಕೈಬಿಟ್ಟು ಹೋಗಿತ್ತು. ಬಲಗಿವಿಯನ್ನು ತೊಳೆದು, ಔಷಧ ಹಾಕಿ, ಮತ್ತೆ ಮತ್ತೆ ಬರಲು ಹೇಳಿದರು. ಆ ಚಳಿಗಾಲವೆಲ್ಲ ಗಂಗಕ್ಕ ಮಗಳನ್ನು ಕರೆದುಕೊಂಡು ಓಡಾಡಿದಳು. ಶೇಂಗಾ ಕೀಳುವ ಕೂಲಿ ಬಿಟ್ಟಳು, ಊರಿಗೆ ಬಂದಾಗ ಗೊಣಗಿದ ಗಂಡನ ಬಾಯಿ ಮುಚ್ಚಿಸಿದಳು. ಯುಗಾದಿ ಹೊತ್ತಿಗೆ ಒಂದು ಬೆಳಿಗ್ಗೆ ಹಿತ್ತಲಿನಿಂದ ಕೂಗಿದರೆ ನಾಗಿ ಓಗೊಟ್ಟಳು. ಗಂಗಕ್ಕ ಸುಮ್ಮಸುಮ್ಮನೆ ಇನ್ನೊಮ್ಮೆ ಕೂಗಿದಳು. ಯಾಕವ್ವ, ಏನವ್ವ ಎಂದು ನಾಗಿ ಸಿಡುಕಿದಳು. ಆ ಸಿಡುಕು ಕೇಳುತ್ತಾ ಗಂಗಕ್ಕ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು.

ಶಾಲೆ ಶುರುವಾದಾಗ ಅವಳು ಮೇಷ್ಟ್ರನ್ನು ಏನೂ ಕೇಳಲಿಲ್ಲ. ನೇರವಾಗಿ ಒಳಗೆ ಹೋಗಿ ಮಗಳನ್ನು ಮುಂದಿನ ಸಾಲಿನಲ್ಲಿ, ಬಲಗಿವಿ ಮೇಷ್ಟ್ರ ಕಡೆಗೆ ಬರುವ ಹಾಗೆ ಕೂರಿಸಿ, ಎಲೆಯಡಿಕೆ ಉಗುಳಿ ಪಾಠ ಹೇಳ್ರಿ ಎಂದು ಹೇಳಿ ಬಂದಳು. ನಾಗಿಯೇನೂ ಜಾಣೆಯರ ಸಾಲಿಗೆ ಸೇರಲಿಲ್ಲ. ಮಗ್ಗಿಯಲ್ಲಿ ಎಡವಿದಳು, ಕಾಗುಣಿತ ಅವಳಿಗೆ ಕೊನೆಯವರೆಗೂ ಕಷ್ಟವೇ ಆಯಿತು. ಆದರೆ ಏಳನೇ ತರಗತಿ ಮುಗಿಸಿದಳು. ಆ ಹಟ್ಟಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ಅವಳೇ.

ನಾಗಿ ಶಾಲೆ ಸೇರಿದ ವರ್ಷವೇ ಪಂಚಾಕ್ಷರಪ್ಪನವರಿಗೆ ಬಡ್ತಿ ಸಿಕ್ಕಿತು. ಊರು ಬಿಡುವ ಮೊದಲು ಅವರು, ಹಟ್ಟಿಯವಳ ಜೊತೆ ದುರ್ಗಕ್ಕೆ ಹೋಗಿ ತಮ್ಮ ಆಸ್ಪತ್ರೆಯ ಮಾನ ಕಳೆದಳೆಂದು ವೀರಮ್ಮನನ್ನು ಚಿಕ್ಕಜಾಜೂರಿಗೆ ವರ್ಗ ಮಾಡಿಸಿದರು. ಹೊಳಲ್ಕೆರೆ ಕಡೆಯ ಅವಳ ತವರಿನ ಹತ್ತಿರಕ್ಕೇ ಅವಳನ್ನು ಕಳಿಸುತ್ತಿದ್ದೇವೆ ಎಂಬುದು ಆ ಬುದ್ಧಿವಂತರಿಗೆ ಹೊಳೆಯಲಿಲ್ಲ. ಅವಳು ಹೊರಡುವ ದಿನ ಗಂಗಕ್ಕ ಬಸ್ಸಿನ ಹತ್ತಿರ ಬಂದಳು. ಮಡಿಸಿದ ಹೊಸ ಕಂಬಳಿಯೊಂದನ್ನು ಕಿಟಕಿಯೊಳಗಿಂದ ವೀರಮ್ಮನ ತೊಡೆಯ ಮೇಲೆ ಹಾಕಿ, ಹೊಲದಲ್ಲಿ ಕೆಲಸ ಇದೆ ಎಂದು, ಬಸ್ಸು ಹೊರಡುವುದನ್ನೂ ಕಾಯದೆ ನಡೆದುಬಿಟ್ಟಳು.